ಕೆಂಪು ಮುಚ್ಚಳದ ಷರಾ

ದರ್ಜಿಯ ಅಳತೆ ಪುಸ್ತಕಕ್ಕೆ ಆ ವರ್ಷ ಇಬ್ಬರು ಹೊಸ ಗಿರಾಕಿಗಳು ಸೇರಿದರು. ಒಬ್ಬ ನೀಲಿ ಮುಚ್ಚಳ, ಇನ್ನೊಬ್ಬ ಕೆಂಪು ಮುಚ್ಚಳ. ಇಬ್ಬರ ವಾಸವೂ ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ. ಚುಚ್ಚಿಕೊಂಡರೆ ಹರಿದದ್ದು ಕೂಡುತ್ತದೆ ಎಂದು ಮಾರುವ, ಕಿರುಬೆರಳಷ್ಟು ಉದ್ದದ ಆ ಪೆಪ್ಟೈಡ್ ಮದ್ದಿನ ಸೀಸೆಗಳ ಮೇಲೆ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂದು ಬರೆದಿತ್ತು. ಸಿಗರೇಟು ಸೇದುವವರು ಪ್ಯಾಕಿನ ಮೇಲಿನ ಎಚ್ಚರಿಕೆಯನ್ನು ಓದುವ ಹಾಗೆ ದರ್ಜಿಯೂ ಅದನ್ನು ಓದಿದ್ದ.

ಬಲಭುಜದ ಸ್ನಾಯುರಜ್ಜು ಅರ್ಧ ಹರಿದು ಎಂಟು ತಿಂಗಳಾಗಿತ್ತು. ಕೈ ಎದೆಯ ಮಟ್ಟ ದಾಟುತ್ತಿರಲಿಲ್ಲ. ಬಟ್ಟೆಯ ಥಾನು ಇಳಿಸಲಾಗದ, ದೊಡ್ಡ ಕತ್ತರಿ ಆಡಿಸಲಾಗದ ದರ್ಜಿ ಎಂದರೆ ಹಲ್ಲು ಕಿತ್ತ ಹಾವು. ಗುಂಡಿ ಹಚ್ಚುವುದು, ಜಿಪ್ ಬದಲಿಸುವುದು, ಅಷ್ಟೇ ಉಳಿದಿತ್ತು. ಚಳಿಗಾಲದೊಳಗೆ ಕೋಟು ಕತ್ತರಿಸುವಂತಾಗದಿದ್ದರೆ ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದ್ದ. ಮುಚ್ಚಿದ ಮೇಲೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ತಿಳಿದಿರಲಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಅಳತೆಗೆ ಒಂದಿಂಚು ಸೇರಿಸಿ, “ಸಡಿಲ ಇಷ್ಟು ಸಾಕಾ?” ಎಂದು ಅವನು ಕೇಳಿದ್ದಕ್ಕೆ ದಿನಕ್ಕೆ ನಾಲ್ಕು ಜನ ಉತ್ತರ ಕೊಡುತ್ತಿದ್ದರಲ್ಲ, ಅದೇ ಅವನ ಸಂಸಾರ.

ಕೈಯನ್ನು ದಿನಾ ಎತ್ತಿ ಎತ್ತಿ ಪಳಗಿಸಬೇಕು, ನೋವಾದರೂ ಬಿಡಬಾರದು ಎಂದಿದ್ದರು ಡಾಕ್ಟರು. ಸೀಸೆಗಳ ಬಗ್ಗೆ ಕೇಳಿದ್ದಕ್ಕೆ, ಇಲಿಗಳ ಮೇಲೆ ಏನೋ ನಡೆದಿದೆ, ಮನುಷ್ಯರ ಮೇಲೆ ಸರಿಯಾದ ಪರೀಕ್ಷೆಯೇ ಆಗಿಲ್ಲ, ಒಳಗೆ ಏನಿದೆಯೋ ಯಾರು ಕಂಡರು, ಚುಚ್ಚಿಕೊಳ್ಳಬೇಡಿ ಎಂದರು. ಎತ್ತುವುದು ನೋವು, ಚುಚ್ಚುವುದು ಸುಲಭ. ಅವನು ಸುಲಭದ್ದನ್ನು ಆರಿಸಿಕೊಂಡ. ನಾವು ನೀವು ಮಾಡುವುದೂ ಅದನ್ನೇ ತಾನೇ.

ಆದರೂ ಕಸುಬಿನವನು, ಕಣ್ಣಳತೆಯನ್ನು ನಂಬುವವನಲ್ಲ. ಆರು ವಾರ ನೀಲಿ, ಆಮೇಲೆ ಆರು ವಾರ ಕೆಂಪು. ಪ್ರತಿ ಭಾನುವಾರ ಗೋಡೆಗೆ ಮುಖ ಮಾಡಿ ನಿಂತು, ಬಲಗೈ ಬೆರಳುಗಳನ್ನು ಗೋಡೆ ಹತ್ತಿಸಿ, ಅವು ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆದು, ನೆಲದಿಂದ ಟೇಪು ಹಿಡಿಯುತ್ತಿದ್ದ. ನೀಲಿಯ ಆರು ವಾರವೂ ಗೆರೆ ಐವತ್ತೆರಡು ಇಂಚಿನಿಂದ ಕದಲಲಿಲ್ಲ.

ಕೆಂಪು ಶುರುವಾದ ವಾರವೇ ತಂಗಿ ಬಂದಳು. ಅವಳು ಕೆಲಸ ಮಾಡುವ ಗ್ರಂಥಾಲಯಕ್ಕೆ ಬಣ್ಣ ಹೊಡೆಯುತ್ತಿದ್ದರಿಂದ ಒಂದೂವರೆ ತಿಂಗಳು ರಜೆ. ಅಣ್ಣನಿಗಿಂತ ಒಂದು ಗೇಣು ಎತ್ತರ. ಚಿಕ್ಕಂದಿನಿಂದ ಮನೆಯಲ್ಲಿ ಅವಳ ಹೆಸರು ಏಣಿ. ಬಂದವಳೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೇಲಿನ ಹಲಗೆಗೆ ಏರಿಸಿದಳು. ಏಣಿಗೆ ತನ್ನ ಎತ್ತರವೇ ಲೋಕದ ಎತ್ತರ ಎಂದು ಗೊಣಗುತ್ತ ಅವನು ಉಪ್ಪು ತೆಗೆಯುತ್ತಿದ್ದ, ಸಕ್ಕರೆ ತೆಗೆಯುತ್ತಿದ್ದ. ಭಾನುವಾರ ಅವನ ಬಲಗೈ ಗೋಡೆಯ ಮೇಲಿರುತ್ತಿದ್ದರಿಂದ ಅಳತೆ ಬರೆಯುವುದು ಅವಳ ಪಾಲಿಗೆ ಬಂತು. ಐವತ್ತಾರು. ಅರವತ್ತು. ಆರನೆಯ ವಾರ ಅರವತ್ತೈದು.

ಹೊರಡುವ ದಿನ ಅವಳು, ಇನ್ನಾದರೂ ಆ ಸೀಸೆಗಳನ್ನು ಬಿಸಾಡು ಎಂದಳು. ಅವನಿಗೆ ರೇಗಿತು.

“ನನ್ನ ಕೈ ಎತ್ತಿಸಿದ್ದು ಈ ಕೆಂಪು ಮುಚ್ಚಳ ಕಣೇ. ನೀನು ಬಂದು ಏನು ಮಾಡ್ದೆ? ಡಬ್ಬಿಗಳ ಜಾಗ ಬದಲಾಯಿಸ್ದೆ, ಅಷ್ಟೇ.”

ಅವಳು ಬ್ಯಾಗು ಎತ್ತಿಕೊಂಡು ಹೋದಳು. ಆಮೇಲೆ ಫೋನೂ ಇಲ್ಲ.

ಆ ಸಂಜೆಯೇ ಅವನು ಡಬ್ಬಿಗಳನ್ನೆಲ್ಲ ಮೇಜಿಗೆ ಇಳಿಸಿದ, ಮೊಳೆಯಲ್ಲಿದ್ದ ಟವೆಲನ್ನು ಕುರ್ಚಿಯ ಬೆನ್ನಿಗೆ ಹಾಕಿದ, ಕೆಂಪನ್ನು ಮತ್ತೆ ತರಿಸಿದ. ಮನೆ ಪುನಃ ಒಬ್ಬನದಾಯಿತು. ಒಂದೇ ಲೋಟ ತೊಳೆದು ಅದನ್ನೇ ಬಳಸುವುದು, ರೇಡಿಯೋದವರು ನಮಸ್ಕಾರ ಎಂದರೆ ತಿರುಗಿ ನಮಸ್ಕಾರ ಎನ್ನುವುದು. ಅರವತ್ತೈದು ಅರವತ್ತೆರಡಾಯಿತು, ಐವತ್ತೆಂಟಾಯಿತು. ಅದೇ ಸೀಸೆ, ಅದೇ ಗೋಡೆ, ಅದೇ ಟೇಪು.

ಹೊಲಿದ ಕೋಟು ಮೈಗೆ ಕೂರದಿದ್ದರೆ ದರ್ಜಿ ಪುಸ್ತಕ ತೆಗೆದು ಷರಾ ನೋಡುತ್ತಾನೆ. ಅಂಕಿಗಳ ಪಕ್ಕದ ಕಿರಿದಾದ ಜಾಗ ಅದು. ‘ಎಡಭುಜ ಇಳಿಜಾರು’, ‘ಅಳತೆಗೆ ನಿಂತಾಗ ಹೊಟ್ಟೆ ಎಳೆದುಕೊಳ್ಳುತ್ತಾರೆ’ ಎಂಬಂಥ ಗುಟ್ಟುಗಳೆಲ್ಲ ಅಲ್ಲಿರುತ್ತವೆ. ಬಟ್ಟೆ ಸರಿಯಾಗಿ ಕೂತರೆ ಅತ್ತ ಕಣ್ಣು ಹಾಯಿಸುವ ಅಭ್ಯಾಸ ಯಾವ ದರ್ಜಿಗೂ ಇಲ್ಲ. ಐವತ್ತೆಂಟು ಬಂದ ಭಾನುವಾರ ಮಧ್ಯಾಹ್ನ ಅವನು ಮೊದಲ ಸಲ ನೋಡಿದ.

ತಂಗಿಯ ಗುಂಡು ಅಕ್ಷರ. ‘ಉಪ್ಪು ಮೇಲಿನ ಹಲಗೆಗೆ. ಅವನ ಎಡಗೈಗೆ ಚಹಾ ಲೋಟ ಕೊಟ್ಟು, ಉಪ್ಪು ತೆಗೆದುಕೊಡು ಎಂದೆ. ಬೈದ. ಬೆರಳ ತುದಿಯಲ್ಲಿ ಎಳೆದು ತೆಗೆದ.’ ಮುಂದಿನ ವಾರ, ‘ಟವೆಲಿನ ಮೊಳೆ ಎರಡು ಬೆರಳು ಮೇಲೆ ಹೊಡೆದೆ. ಗೊತ್ತಾಗಿಲ್ಲ.’ ಅದರ ಮುಂದೆ, ‘ಇನ್ನೂ ಎರಡು ಬೆರಳು.’ ಕೊನೆಯಲ್ಲಿ, ‘ಅರವತ್ತೈದು. ಮದ್ದಿನಿಂದ ಅಂತಾನೆ. ಅಂದ್ಕೊಳ್ಳಲಿ, ಕೈ ಎದ್ದರೆ ಸಾಕು.’

ಅವನಿಗೆ ನಾಚಿಕೆಯಾಯಿತು. ಎರಡು ಮದ್ದುಗಳನ್ನು ಇಂಚಿಂಚೂ ಅಳೆದಿದ್ದ. ಆಗ ಮನೆಯಲ್ಲಿ ಯಾರಿದ್ದರು ಎಂಬುದನ್ನು ಅಳತೆಗೆ ಹಿಡಿದಿರಲಿಲ್ಲ. ಅವಳಿಲ್ಲದ್ದು ಅವನಿಗೆ ಆಗ ಭುಜಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಹಿಡಿದು ಬಲಗೈ ಎತ್ತಿದ. ಹಲಗೆಗೆ ನಾಲ್ಕು ಬೆರಳು ಕೆಳಗೇ ನಿಂತಿತು. ಎಡಗೈಯಲ್ಲಿ ಇಡಬಹುದಿತ್ತು, ಇಡಲಿಲ್ಲ. ಎಡಗೈಯಲ್ಲಿ ಫೋನು ಮಾಡಿದ.

ಅವಳು ತಡವಾಗಿ ಎತ್ತಿದಳು. ಕೈ ಹೇಗಿದೆ ಎಂದಷ್ಟೇ ಕೇಳಿದಳು.

“ಐವತ್ತೆಂಟು,” ಎಂದ. “ಸಡಿಲ ಸೇರಿಸಿಲ್ಲ. ಷರಾ ಓದ್ದೆ.”

“ಉಪ್ಪಿನ ಡಬ್ಬಿ ಎಲ್ಲಿದೆ?”

“ಕೈಲಿದೆ.”

“ಮೇಲಿಡಣ್ಣ.”

“ಎಟುಕ್ತಾ ಇಲ್ಲ ಕಣೇ,” ಎಂದ ಅವನು. “ಏಣಿ ಬೇಕು.”