ಹದಿನಾಲ್ಕು ದಿನದ ದಕ್ಷಿಣ ಆಫ್ರಿಕಾ

ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲು ಉರಿಗಾಂ ಸ್ಟೇಷನ್ನಿಗೆ ಬಂತೆಂದರೆ ವೇಣುಗೋಪಾಲನ ಮನೆಯಲ್ಲಿ ದಕ್ಷಿಣ ಆಫ್ರಿಕಾ ಶುರುವಾಗುತ್ತಿತ್ತು. ಬಂಗಾರಪೇಟೆಯಿಂದ ಗೆಳೆಯ ವಿಶ್ವನಾಥ್ ತನ್ನ ಹೆಂಡತಿ ಕೆಂಪಮ್ಮನೊಂದಿಗೆ ಬಂದಿಳಿಯುತ್ತಿದ್ದ. ವೇಣುಗೋಪಾಲನ ಮಗಳು ಬಿಂದುಶ್ರೀ ಊಟದ ಮೇಜಿನಿಂದ ಉಪ್ಪಿನಕಾಯಿ ಜಾಡಿ ಎತ್ತಿಟ್ಟು ಆ ದೇಶದ ನಕ್ಷೆ ಹಾಸುತ್ತಿದ್ದಳು. ನಾಲ್ಕು ತಿಂಗಳಿಂದ ಇದೇ ವ್ರತ. ನಾಲ್ಕೂ ಜನ ಹೋಗುವುದು, ಹದಿನಾಲ್ಕು ದಿನ ಸುತ್ತುವುದು, ಆಗಸ್ಟಿನಲ್ಲಿ ಹೊರಡುವುದು. ಇಷ್ಟರ ಬಗ್ಗೆ ಜಗಳವಿರಲಿಲ್ಲ. ಉಳಿದದ್ದೆಲ್ಲ ಜಗಳವೇ.

ಗೆಳೆಯರಿಬ್ಬರೂ ಊರಾಚೆಯ ಒಂದು ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿ ಒಂದೇ ದಿನ ನಿವೃತ್ತರಾದವರು. ಮಾಡಿನಡಿ ಹಳಿಯ ಮೇಲೆ ಓಡಾಡುವ ಕ್ರೇನು. ಅದರ ಗೂಡಿನಲ್ಲಿ ಕೂತರೆ ಕೆಳಗಿರುವವರ ಹೆಲ್ಮೆಟ್ ಬಿಟ್ಟು ಬೇರೇನೂ ಕಾಣದು. "ಮೇಲೆ ಕೂತೋರಿಗೆ ತಲೆಗಳು ಕಾಣ್ತವೆ, ತಲೆ ಇರೋರು ಕಾಣಲ್ಲ" ಎಂದು ವೇಣುಗೋಪಾಲ ಮ್ಯಾನೇಜರರ ದನಿಯಲ್ಲೇ ಹೇಳಿ ನಗಿಸುತ್ತಿದ್ದ. ಅವನ ಗಂಟಲಲ್ಲಿ ಇಡೀ ಕಾರ್ಖಾನೆ ಇತ್ತು: ಸೈರನ್ನು, ಕ್ಯಾಂಟೀನಿನ ತಮಿಳು, ಯೂನಿಯನ್ ಭಾಷಣ, ಫೋರ್‌ಮನ್ನರ ಸೀನು.

ದಕ್ಷಿಣ ಆಫ್ರಿಕಾ ವಿಶ್ವನಾಥನ ಆಯ್ಕೆ. ನಂದಿದುರ್ಗ ಚಿನ್ನದ ಗಣಿಯಲ್ಲಿ ದುಡಿದ ಅವನಪ್ಪ, ಅಲ್ಲಿ ನಮಗಿಂತ ಆಳಕ್ಕೆ ಇಳೀತಾರಂತೆ ಎಂದು ಸಾಯುವವರೆಗೂ ಹೇಳುತ್ತಿದ್ದ. ವಿಶ್ವನಾಥನಿಗೆ ಆಳ ಬೇಕಿರಲಿಲ್ಲ. "ಅಪ್ಪ ಕತ್ಲೆ ನೋಡ್ದ, ನಾನು ಹೆಲ್ಮೆಟ್ಟು ನೋಡ್ದೆ. ಒಂದ್ಸಲ ದೂರಕ್ಕೆ ಕಣ್ಣು ಆಯಿಸ್ಬೇಕು ಕಣ್ಲಾ" ಎನ್ನುತ್ತಿದ್ದ.

ಆ ಭಾನುವಾರ ಜಗಳ ಕಾಡಿನದು.

"ಮಾಮ, ಸಫಾರಿಗೆ ಮೂರು ದಿನ ಸಾಕು" ಎಂದಳು ಬಿಂದುಶ್ರೀ. "ಆಮೇಲೆ ಬೆಟ್ಟ, ಆಮೇಲೆ ಸಮುದ್ರ. ಅದೇನು ಕೋಲಾರ ಜಿಲ್ಲೆ ಅಂದ್ಕೊಂಡ್ರಾ? ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ವಿಮಾನದಲ್ಲೇ ಎರಡು ಗಂಟೆ."

"ಸಫಾರಿ ಅಂದ್ರೆ ನಮ್ಮ ಮ್ಯಾನೇಜರ್ ಆಕ್ಕೊಂಡು ಬತ್ತಿದ್ದ ಸೂಟಲ್ವಾ?" ಎಂದ ವೇಣುಗೋಪಾಲ. "ಅದನ್ನ ಇಪ್ಪತ್ತು ವರ್ಷ ನೋಡಿದ್ದಾಯ್ತು. ಒಳಗಿದ್ದ ಪ್ರಾಣೀನೂ ನೋಡಿದ್ದಾಯ್ತು."

"ನಿಮ್ಮದು ಮುಗೀತಾ ಅಣ್ಣಾ?" ಎಂದಳು ಕೆಂಪಮ್ಮ. "ನಂಗೆ ಮೊಸರು ಸಿಗ್ತದೋ ಇಲ್ವೋ ಅಷ್ಟು ಯೇಳಿ. ಇಲ್ಲಾಂದ್ರೆ ಎಪ್ಪು ಕಟ್ಕಂಡು ಬತ್ತೀನಿ."

"ಜೂನ್‌ನಾಗೇ ಓಗ್ಬಿಡಾನ" ಎಂದ ವಿಶ್ವನಾಥ್, ಯಾರ ಮಾತಿಗೂ ಸೇರದಂತೆ.

"ಆಗಸ್ಟಲ್ಲಿ ಪ್ರಾಣಿ ಜಾಸ್ತಿ ಕಾಣೋದು, ಮಾಮ. ಎಲೆ ಉದುರಿರುತ್ತೆ, ನೀರಿಗೆ ಬರ್ತವೆ."

"ಜೂನ್ ಅಂದೆ. ಮೊದ್ಲು ಇಲ್ಗೋಗಾನ, ಕೇಪ್ ಟೌನು" ಎಂದು ಅವನು ನಕ್ಷೆಯ ಮೇಲೆ ಬೆರಳಿಟ್ಟ.

ಬೆರಳು ಸಮುದ್ರದಲ್ಲಿತ್ತು. ದಡದಿಂದ ಒಂದು ಗೇಣು ಆಚೆ, ಬರೀ ನೀಲಿಯಲ್ಲಿ. ಬಿಂದುಶ್ರೀ ಲ್ಯಾಪ್‌ಟಾಪ್ ನೋಡುತ್ತಿದ್ದಳು, ಕೆಂಪಮ್ಮ ಕಾಫಿ ಲೋಟ ಎತ್ತುತ್ತಿದ್ದಳು. ವೇಣುಗೋಪಾಲ ಮಾತ್ರ ಕಂಡ. ನಗಿಸಲು ಬಾಯಿ ತೆರೆದವನು ಗೆಳೆಯನ ಮುಖ ನೋಡಿ ಬಾಯಿ ಮುಚ್ಚಿದ. ಆ ಕಣ್ಣು ಬೆರಳನ್ನು ನೋಡುತ್ತಿರಲಿಲ್ಲ. ಏನನ್ನೂ ನೋಡುತ್ತಿರಲಿಲ್ಲ.

ಸಂಜೆ ಸ್ಟೇಷನ್ನಿಗೆ ನಡೆಯುವಾಗ ಹೆಂಗಸರು ಕರಿಬೇವು ಕೀಳುತ್ತ ಹಿಂದೆ ಉಳಿದರು. ವೇಣುಗೋಪಾಲ ಗೆಳೆಯನ ರಟ್ಟೆ ಹಿಡಿದು ನಿಲ್ಲಿಸಿದ.

"ಎಷ್ಟು ದಿನದಿಂದ?"

ವಿಶ್ವನಾಥ್ ಏನೆಂದು ಕೇಳಲಿಲ್ಲ. "ಎಡಗಣ್ಣು ಓಗಿ ಎರಡು ವರ್ಷ. ಬಲಗಣ್ಣಾಗೆ ಹೊಗೆ ತುಂಬ್ಕಂಡಂಗೆ ಕಾಣ್ತದೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದ್ಲ ಪರದೆ ತಿಂದಾಕೈತಂತೆ. ಬೆಂಗ್ಳೂರಾಗೆ ಒಬ್ನೇ ಓಗಿ ತೋರಿಸ್ದೆ. ಆರು ವಾರದೊಳ್ಗೆ ಆಪರೇಷನ್ ಆಗ್ಬೇಕು ಅಂದ್ರು. ಮಾಡಿದ್ರೂ ಕಣ್ಣು ಉಳಿಯೋದು ಅರ್ಧಕ್ಕರ್ಧ."

"ಎರಡು ವರ್ಷಾನಾ? ಹೋದ ವರ್ಷ ಕ್ರೇನ್ ಓಡಿಸ್ತಿದ್ದೆಯಲ್ಲೋ!"

"ಕೆಳಗಿನೋರ ಕೈಸನ್ನೆ ಕಾಣ್ತಿರಲಿಲ್ಲ. ಸಿಳ್ಳೆ ಕೇಳಿ ಎತ್ತಿಳಿಸ್ತಿದ್ದೆ."

ಕರಗಿದ ಕಬ್ಬಿಣ ತುಂಬಿದ ಬಾನಿ ತೂಗಿಕೊಂಡು ಸಾಗುವ ಕ್ರೇನು ಅದು. ವೇಣುಗೋಪಾಲನಿಗೆ ಕೆಳಗೆ ನಿಲ್ಲುತ್ತಿದ್ದ ಹುಡುಗರ ಹೆಲ್ಮೆಟ್ಟುಗಳು ಒಂದೊಂದಾಗಿ ನೆನಪಾದವು. "ವರ್ಷಾ ವರ್ಷಾ ಕಣ್ಣು ನೋಡ್ತಿದ್ರಲ್ಲ, ಹೆಂಗೆ ಪಾಸಾದೆ?" ಎಂದು ಕೇಳಿದ. ಕೇಳಿದ ಮೇಲೆ ಉತ್ತರ ಗೊತ್ತಾಯಿತು.

"ನೀನೇ ಕಲಿಸಿದ್ದಲ್ಲಪ್ಪಾ" ಎಂದ ವಿಶ್ವನಾಥ್, ಒಂದಿಷ್ಟೂ ಸಿಟ್ಟಿಲ್ಲದೆ.

ಕಾರ್ಖಾನೆಯ ದವಾಖಾನೆಯ ಗೋಡೆಗಿದ್ದ ಅಕ್ಷರದ ಪಟ ಇಪ್ಪತ್ತು ವರ್ಷ ಬದಲಾಗಿರಲಿಲ್ಲ. ಕಣ್ಣು ಮಂಜಾದವನನ್ನು ಕ್ರೇನಿನಿಂದ ಇಳಿಸಿ ಕಡಿಮೆ ಕೂಲಿಗೆ ಮರಳು ಜರಡಿ ಹಿಡಿಯಲು ಹಾಕುತ್ತಿದ್ದರು. ಅದಕ್ಕೇ ವೇಣುಗೋಪಾಲ ಆ ಪಟವನ್ನು ಮಂತ್ರ ಮಾಡಿದ್ದ. ಪುರೋಹಿತರ ಮೂಗಿನ ದನಿಯಲ್ಲಿ, "ಇ... ಎಫ್ ಪೀ... ಟೀ ಓ ಝಡ್... ಎಲ್ ಪೀ ಈ ಡೀ ನಮೋ ನಮಃ!" ಸಾಲಲ್ಲಿ ನಿಂತವರೆಲ್ಲ ನಗುತ್ತಾ ಬಾಯಿಪಾಠ ಮಾಡಿದರು. ಒಳಗಿನಿಂದ ಕಾಂಪೌಂಡರು "ಅಡುತ್ತ ಆಳು, ವಾ!" ಎಂದು ತಮಿಳಿನಲ್ಲಿ ಮುಂದಿನವನನ್ನು ಕರೆಯುವುದನ್ನೂ ಇವನೇ ಕೂಗಿ ಇಬ್ಬರನ್ನು ಒಟ್ಟಿಗೆ ಒಳಗೆ ನುಗ್ಗಿಸಿದ್ದುಂಟು. ಒಬ್ಬನೂ ನಪಾಸಾಗಲಿಲ್ಲ. ಆ ಮಂತ್ರವಿಲ್ಲದಿದ್ದರೆ ಕಣ್ಣು ಮಂಜಾಗತೊಡಗಿದಾಗಲೇ ವಿಶ್ವನಾಥ್ ನಪಾಸಾಗುತ್ತಿದ್ದ. ಜರಡಿ ಹಿಡಿಯುತ್ತಿದ್ದ. ಆದರೆ ಆಗಲೇ ಡಾಕ್ಟರಿಗೆ ತೋರಿಸಿ, ಕಣ್ಣಿರುತ್ತಿತ್ತು.

"ಕೆಂಪಮ್ಮನಿಗೆ ಹೇಳು. ನಾಳೇನೇ ಹೇಳು" ಎಂದ ವೇಣುಗೋಪಾಲ.

"ಯೇಳಿದ್ರೆ ಟ್ರಿಪ್ಪು ಓಯ್ತು. ಆಪರೇಷನ್ ಮಾಡಿ ಅದೂ ಕೆಟ್ರೆ? ನಾನು ಕೊನೇಗೆ ನೋಡಿದ್ದು ಏನು, ಆಸ್ಪತ್ರೆ ಫ್ಯಾನಾ? ಇರೋ ಬೆಳಕಾಗೆ ಒಂದಿಷ್ಟು ನೋಡ್ಬಿಡ್ತೀನಿ. ಬಂದ್ಮೇಲೆ ಅವರೇನಾದ್ರೂ ಕುಯ್ಕಳ್ಳಿ." ಹೆಂಗಸರ ಮಾತು ಹತ್ತಿರವಾಗುತ್ತಿತ್ತು. ವಿಶ್ವನಾಥ್ ದನಿ ತಗ್ಗಿಸಿದ. "ಮುಂದಿನ ಭಾನುವಾರ ಬಿಂದು ವೀಸಾ ಅರ್ಜಿಗೆ ಸಹಿ ತಗೋತಾಳೆ. ಚೌಕ ಕಾಣಲ್ಲ ನಂಗೆ. ಪೆನ್ನು ಸರಿ ಜಾಗಕ್ಕೆ ಬಂದಾಗ ನೀನು ಕೆಮ್ಮು. ಅಷ್ಟೇ. ನಿನ್ನ ಕೈಲಿ ಇನ್ನೇನೂ ಕೇಳಲ್ಲ."

ರೈಲು ಬಂತು. ಕೆಂಪಮ್ಮ ಮುಂದೆ ಹತ್ತಿ ಕೈ ಕೊಟ್ಟಳು. ಮೊಣಕಾಲು ನೋವೆಂದು ಗಂಡ ಹೇಳಿದ್ದನ್ನು ಅವಳು ನಂಬಿದ್ದಳು.

ಆ ವಾರವೆಲ್ಲ ವೇಣುಗೋಪಾಲ ಮನೆಯೊಳಗೆ ಅಲೆದ. ಹೇಳಿದರೆ ಗೆಳೆಯ ಬಯಸಿದ ಒಂದೇ ಒಂದು ನೋಟವನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಆರು ವಾರ ಹೋಗುತ್ತದೆ, ಅದರ ಜೊತೆ ಬಲಗಣ್ಣೂ. ಕೆಂಪಮ್ಮನಿಗೆ ಫೋನ್ ಮಾಡಲು ಎರಡು ಸಲ ಕೂತ. ಡಾಕ್ಟರ ಗತ್ತಿನಲ್ಲಿ ಹೇಳಿ ನೋಡಿಕೊಂಡ, ಯೂನಿಯನ್ ಲೀಡರನ ಆವೇಶದಲ್ಲಿ ಹೇಳಿ ನೋಡಿಕೊಂಡ. ಇಡೀ ಕಾರ್ಖಾನೆಯಲ್ಲಿ ಒಬ್ಬನ ದನಿಯೂ ಈ ಮಾತಿಗೆ ಒಗ್ಗಲಿಲ್ಲ. ಫೋನ್ ಕೆಳಗಿಟ್ಟ.

"ಅಪ್ಪಾ, ಹುಷಾರಿಲ್ವಾ? ಮೂರು ದಿನದಿಂದ ನಿನ್ನ ದನೀಲೇ ಮಾತಾಡ್ತಿದ್ದೀಯ" ಎಂದಳು ಮಗಳು.

ಭಾನುವಾರ ಬಂತು. ಬಿಂದುಶ್ರೀ ಅರ್ಜಿಗಳನ್ನು ಸಾಲಾಗಿ ಇಟ್ಟಳು. ಕೆಂಪಮ್ಮ ನಾಲಿಗೆ ಕಚ್ಚಿಕೊಂಡು ದುಂಡಗೆ ಹೆಸರು ಬರೆದು, "ನೋಡಮ್ಮ, ಚೌಕದಿಂದ ಆಚೆ ಒಂದು ಕೊಂಬೂ ಓಗಿಲ್ಲ" ಎಂದು ಬೀಗಿದಳು. ವೇಣುಗೋಪಾಲ ಸಹಿ ಹಾಕಿದ. ಪೆನ್ನು ವಿಶ್ವನಾಥನ ಕೈಗೆ ಬಂತು.

ಅವನು ನಿಧಾನಕ್ಕೆ ಕಾಗದದ ಅಂಚು ಸವರಿದ. ಪೆನ್ನಿನ ತುದಿ ಹಾಳೆಯಿಂದ ಒಂದು ಬೆರಳಷ್ಟು ಮೇಲೆ, ಎಡದಿಂದ ಬಲಕ್ಕೆ ಸರಿಯಿತು. ಲೋಹದ ಬಾನಿಯನ್ನು ಅಚ್ಚಿನ ಮೇಲೆ ತಂದು ನಿಲ್ಲಿಸುವಾಗ ಸರಿಸುತ್ತಿದ್ದ ಹಾಗೆಯೇ, ಒಂದಿಷ್ಟೂ ನಡುಗದೆ. ಚೌಕದ ಮೇಲೆ ಬಂತು. ನಿಂತಿತು. ಕಾಯಿತು.

ವೇಣುಗೋಪಾಲನ ಗಂಟಲು ತಾನಾಗಿ ಕೆರೆಯಿತು. ಇಷ್ಟು ವರ್ಷದಲ್ಲಿ ಆ ಗಂಟಲು ಯಾರಿಗೂ ಇಲ್ಲವೆಂದಿರಲಿಲ್ಲ. ಅವನು ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದು ಉಸಿರು ಬಿಗಿಹಿಡಿದ.

ಪೆನ್ನು ಮುಂದೆ ಸರಿಯಿತು. ಚೌಕ ದಾಟಿತು. ಮತ್ತೆ ಹಿಂದಕ್ಕೆ ಬಂತು.

"ಏನ್ರೀ ಅದು, ಮುಹೂರ್ತ ನೋಡ್ತಿದ್ದೀರಾ?" ಎಂದಳು ಕೆಂಪಮ್ಮ.

ವಿಶ್ವನಾಥ್ ಸಹಿ ಹಾಕಿದ. ಅರ್ಧ ಹೆಸರು ಹಾಳೆಯ ಮೇಲೆ ಬಿತ್ತು, ಇನ್ನರ್ಧ ಮೇಜಿನ ಹೊದಿಕೆಯ ಮೇಲೆ.

ಕೆಂಪಮ್ಮ ಮೇಜಿನ ಮೇಲಿನ ಶಾಯಿ ನೋಡಿದಳು. ಗಂಡನ ಮುಖದ ಮುಂದೆ ಅಂಗೈ ಅಡ್ಡ ಹಿಡಿದು ಆ ಕಡೆ ಈ ಕಡೆ ಆಡಿಸಿದಳು.

"ಕೆಂಪಮ್ಮ" ಎಂದ ವೇಣುಗೋಪಾಲ. "ಅವನಿಗೆ ಕಾಣ್ತಿಲ್ಲ. ಬಲಗಣ್ಣಿಗೆ ಇನ್ನು ಐದು ವಾರ ಟೈಮಿದೆ. ಇಷ್ಟು ವರ್ಷ ಯಾರಿಗೂ ಗೊತ್ತಾಗದೆ ಇರೋ ಹಂಗೆ ಮಾಡಿದ್ದು ನಾನು."

ಎಲ್ಲವನ್ನೂ ಹೇಳಿದ, ಮಂತ್ರ, ಸಾಲು, ಸಿಳ್ಳೆ. ಎಲ್ಲಿಯೂ ದನಿ ಬದಲಿಸಲಿಲ್ಲ. ಕೆಂಪಮ್ಮ ಕೊನೆಯವರೆಗೂ ಕೇಳಿದಳು.

"ನಿಮ್ಮ ಆಟಕ್ಕೆ ನಗ್ತಿದ್ದೆ ಕಣಣ್ಣಾ" ಎಂದಳು. "ಮನೇಗ್ಬಂದು ಇವ್ರು ಯೇಳೋರು, ವೇಣು ಇಂಗಂದ, ವೇಣು ಅಂಗಂದ ಅಂತ. ನಾನೂ ನಗ್ತಿದ್ದೆ." ಚೀಲ ಎತ್ತಿಕೊಂಡಳು. "ಏಳ್ರೀ."

ವಿಶ್ವನಾಥ್ ಎದ್ದ. ಬಾಗಿಲವರೆಗೆ ಹೆಂಡತಿಯ ಭುಜ ಹಿಡಿದು ಹೋದ, ಇನ್ನು ಮುಚ್ಚಿಡುವುದೇನೂ ಇರಲಿಲ್ಲ. "ಒಂದು ಕೆಮ್ಮು ಕೇಳಿದ್ದೆ ಕಣ್ಲಾ" ಎಂದ, ಗೋಡೆಯ ಕಡೆ ತಿರುಗಿ.

ಆಪರೇಷನ್ ಬೆಂಗಳೂರಿನಲ್ಲಿ ಆಯಿತು. ಕಣ್ಣೊಳಗೆ ಗಾಳಿ ತುಂಬಿದ್ದಾರೆ, ಅದು ಕರಗುವವರೆಗೆ ವಿಮಾನ ಹತ್ತುವಂತಿಲ್ಲ, ಹತ್ತು ದಿನ ಬೋರಲಾಗಿಯೇ ಇರಬೇಕು ಎಂದು ಬಿಂದುಶ್ರೀ ತಿಳಿದುಕೊಂಡು ಬಂದಳು. ವಿಶ್ವನಾಥನನ್ನು ಮನೆಗೆ ಕರೆತಂದ ಮರುದಿನದಿಂದ ವೇಣುಗೋಪಾಲ ರೈಲು ಹತ್ತಿ ಬಂಗಾರಪೇಟೆಗೆ ಹೋಗತೊಡಗಿದ. ವಿಶ್ವನಾಥ್ ಮಂಚದ ಮೇಲೆ ಬೋರಲು ಮಲಗಿರುತ್ತಿದ್ದ, ಮುಖ ಮಂಚದಂಚಿನಿಂದ ಕೆಳಗೆ. ವೇಣುಗೋಪಾಲ ಬಾಗಿಲ ಬಳಿ ಕೂರುತ್ತಿದ್ದ. ಕೆಂಪಮ್ಮ ಕಾಫಿ ತಂದಿಡುತ್ತಿದ್ದಳು, ಬಾ ಎನ್ನುತ್ತಿರಲಿಲ್ಲ, ಹೋಗು ಎನ್ನುತ್ತಲೂ ಇರಲಿಲ್ಲ. ಏಳು ದಿನ ಹೀಗೇ ಹೋಯಿತು.

ಎಂಟನೆಯ ದಿನ ವಿಶ್ವನಾಥ್ ನೆಲಕ್ಕೆ ಮಾತಾಡಿದ.

"ಯಾರು, ವೇಣುನಾ?"

"ಹ್ಞೂ."

"ಡಾಕ್ಟ್ರು ಬೆಳಿಗ್ಗೆ ಫೋನ್ ಮಾಡಿದ್ರು. ದೊಡ್ಡವು ಕಾಣ್ಬೋದಂತೆ. ಅಕ್ಷರ ಕಾಣಲ್ಲ. ಮುಖಾನೂ ಕಾಣ್ದೆ ಓಗ್ಬೋದು, ಇನ್ನೂ ಗ್ಯಾರಂಟಿ ಇಲ್ಲ ಅಂದ್ರು." ಮಂಚದಂಚು ಹಿಡಿದು ತುಸು ಸರಿದ. "ನಿನ್ನ ಮೇಲಿನ ಸಿಟ್ಟು ಓಗಿಲ್ಲ."

"ಹೋಗ್ಬೇಡ ಅನ್ನು ಅದಕ್ಕೆ. ಇರಲಿ."

"ಕೆಳಗೆ ಕೂತ್ಕೋ. ಕತ್ತು ನೋಯ್ತದೆ ನಂಗೆ, ಮಾತು ಕೇಳ್ಸಲ್ಲ."

ವೇಣುಗೋಪಾಲ ನೆಲದ ಮೇಲೆ, ಗೆಳೆಯನ ಮುಖದ ಕೆಳಗೆ ಬಂದು ಕೂತ. ಆ ಮುಖ ಊದಿಕೊಂಡಿತ್ತು, ಕಣ್ಣಿಗೆ ಬಟ್ಟೆ ಕಟ್ಟಿತ್ತು.

"ಆ ಕಾಡಾಗೆ ಏನೇನು ಅವೆ, ಯೇಳು. ದೊಡ್ಡದಾಗಿರೋವು."

"ಆನೆ. ಜಿರಾಫೆ. ಕಾಡೆಮ್ಮೆ. ಘೇಂಡಾಮೃಗ."

"ಜಿಂಕೆ?"

ಸಾವಿರಾರು ಎಂದು ಬಾಯಿಗೆ ಬಂತು. "ಜಿಂಕೆ ಇದೆ. ನಿಂಗೆ ಕಾಣಲ್ಲ" ಎಂದ ವೇಣುಗೋಪಾಲ.

ವಿಶ್ವನಾಥ್ ಮೂಗಿನಲ್ಲಿ ಉಸಿರು ಬಿಟ್ಟ. "ಬೆಟ್ಟ, ಊರು, ಸಮುದ್ರ ಎಲ್ಲಾ ತಗ್ದಾಕ್ಸು. ಕಾಡೊಂದೇ ಸಾಕು, ನೀರಿನ್ ಅತ್ರ ಕೂತ್ಕಂಡು ಕಾಯಾನ. ಯಾವಾಗ ಅಂತ ಈಗ್ಲೇ ಬರೀಬ್ಯಾಡ. ಪಕ್ಕದಾಗೆ ನೀನು ಕೂತ್ಕಬೇಕು. ಬಂದ್ರೆ ಬಂತು ಅನ್ನು, ಬರದಿದ್ರೆ ಬರಲಿಲ್ಲ ಅನ್ನು. ಗಂಟ್ಲಾಗೆ ಆನೆ ತರಿಸ್ಬ್ಯಾಡ."

"ತರಿಸಲ್ಲ."

ಒಳಗಿನಿಂದ ಕೆಂಪಮ್ಮ, "ಅದಕ್ಕೂ ಮುಂಚೆ ಶುಕ್ರವಾರ ಡಾಕ್ಟ್ರ ಹತ್ರ ಓಗ್ಬೇಕು, ಮೊದಲ್ನೇ ರೈಲಿಗೆ. ನೀವೂ ಬರ್ತೀರೇನಣ್ಣಾ?" ಎಂದು ಕೇಳಿದಳು. ಆ ಭಾನುವಾರದ ಮೇಲೆ ಅವಳು ಅವನನ್ನು ಅಣ್ಣ ಎಂದದ್ದು ಇದೇ ಮೊದಲು.

"ಬತ್ತೀನಿ" ಎಂದ ವೇಣುಗೋಪಾಲ.