ಎಂಟಕ್ಕೆ ನಿಂತ ಎಣಿಕೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬ್ಯಾಡಗಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಹುಡುಗರ ಕಬಡ್ಡಿಗೆ ಅಂಚಿನಲ್ಲಿ ಕೂತು ಚಪ್ಪಾಳೆ ತಟ್ಟಲೆಂದು ಹೆಡ್‌ಮಾಸ್ತರರು ಏಳು ಹುಡುಗಿಯರನ್ನು ನನ್ನ ವಶಕ್ಕೆ ಒಪ್ಪಿಸಿದಾಗ, ಆ ಸಿಟ್ಟೇ ನನ್ನಿಂದ ತಂಡ ಕಟ್ಟಿಸಿತು. ನಾನು ನೀಲಗಂಗವ್ವ, ಡ್ರಿಲ್ ಟೀಚರು. ಚಪ್ಪಾಳೆಗೆ ಲೇಜಿಮು ಸೇರಿಸಿದೆ, ಲೇಜಿಮಿಗೆ ಘೋಷಣೆ ಸೇರಿಸಿದೆ, ಆಮೇಲೆ ಒಬ್ಬಳ ಹೆಗಲ ಮೇಲೆ ಇನ್ನೊಬ್ಬಳನ್ನು ಹತ್ತಿಸಿದೆ. ನಾಲ್ಕು ವರ್ಷದಲ್ಲಿ ಏಳು ಮಂದಿ ಮೂವತ್ತೊಂದಾದರು. ಜನ ಕಬಡ್ಡಿಗೆ ಬೆನ್ನು ತಿರುಗಿಸಿ ನಮ್ಮನ್ನು ನೋಡತೊಡಗಿದರು.

ಅಷ್ಟರಲ್ಲಿ, ತೊಂಬತ್ತೆರಡರಲ್ಲಿ, ಚೌಡವ್ವ ಎಂಬ ಹುಡುಗಿ ಹತ್ತುವಾಗ ಕಾಲು ಜಾರಿ ಬಿದ್ದು ಕೈ ಮುರಿದುಕೊಂಡಳು. ಶಾಲಾ ಕಮಿಟಿಯ ಅಧ್ಯಕ್ಷ ವಿರೂಪಾಕ್ಷಪ್ಪನವರು ನನ್ನನ್ನು ಕರೆಸಿದರು.

"ಅಕ್ಕೋರ, ಹೆಣ್ಣಮಕ್ಕಳ ಕೈಕಾಲು ಮುರದ್ರ ಅವರ ಲಗ್ನಾ ನೀವು ಮಾಡಸ್ತೀರೇನು? ಇನ್ನೊಬ್ಬಾಕಿ ಬಿದ್ಲಂದ್ರ ಈ ಆಟ ಬಂದ್. ನಾ ಮಾತು ತಿರುಗಸಾಂವ ಅಲ್ಲ."

ಖರೇ, ಅವರು ಮಾತು ತಿರುಗಿಸುವವರಲ್ಲ. ಮರುವರ್ಷ ರಾಣೆಬೆನ್ನೂರಿನ ಮಾನವ ಗೋಪುರದ ಸ್ಪರ್ಧೆಗೆ ಬಂದು ಮೊದಲ ಸಾಲಿನಲ್ಲೇ, ಮಡಿಲಲ್ಲಿ ಕೊಡೆ ಇಟ್ಟುಕೊಂಡು, ನ್ಯಾಯಾಧೀಶರ ಹಾಗೆ ಕೂತರು.

ಕುಮಾರಪಟ್ಟಣದ ತಂಡ ಬಿಳಿ ಬೂಟು ಹಾಕಿಕೊಂಡು ಬಂದಿತ್ತು. ನಮ್ಮವರು ಬರಿಗಾಲಿನವರು, ಹೊಟ್ಟಿನ ಚೀಲ ಹಾಸಿ ಕಲಿತವರು. ಆದರೆ ಅವರ ಗೋಪುರ ಮೂರು ಅಂತಸ್ತಿನದು, ನಮ್ಮದು ನಾಲ್ಕು. ಎಲ್ಲಕ್ಕಿಂತ ಮೇಲೆ ಒಂಬತ್ತು ವರ್ಷದ ಹೊಳಿಯವ್ವ. ಎಲ್ಲಕ್ಕಿಂತ ಕೆಳಗೆ, ನಟ್ಟನಡುವೆ, ಮೆಣಸಿನಕಾಯಿ ಪೇಟೆಯ ಹಮಾಲ ಮೈಲಪ್ಪನ ಮಗಳು ದುರಗವ್ವ. ಹದಿನೈದು ವರ್ಷದವಳು, ಮಾತು ಕಡಿಮೆ. ಮೇಲಿನವಳಿಗೆ ಚಪ್ಪಾಳೆ, ಕೆಳಗಿನವಳಿಗೆ ಬೆವರು. ಹೊಳಿಯವ್ವ ಕೈ ಎತ್ತಿದ ಮೇಲೆ ಪಂಚರು ಹತ್ತು ಎಣಿಸುವ ತನಕ ಯಾರೂ ಕದಲಬಾರದು. ಹೊರಗಿನವರು ಯಾರಾದರೂ ಮುಟ್ಟಿದರೆ ಎಲ್ಲ ಅಂಕ ರದ್ದು.

ದೃಷ್ಟಿ ತೆಗೆಯುವ ತಾಯಂದಿರನ್ನು ಬೈಯುವವಳು ನಾನು. ಅವತ್ತು ಮಾತ್ರ, ಯಾರಿಗೂ ಕಾಣದ ಹಾಗೆ ಕಂಪೌಂಡಿನ ಹಿಂದೆ ಹುಡುಗಿಯರನ್ನು ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಇಳಿ ತೆಗೆದೆ. ಭಯಕ್ಕೆ ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಕಾಯಿಗಳೆಲ್ಲ ಕೈಯಲ್ಲೇ ಪುಡಿಯಾದವು. ಚಹಾದಂಗಡಿಯ ಒಲೆಗೆ ಎಸೆದರೆ ಘಾಟೇ ಬರಲಿಲ್ಲ. ಅಬ್ಬಾ, ಎಷ್ಟು ದೃಷ್ಟಿ ತಾಗಿತ್ತಪ್ಪಾ ಎಂದು ಸಮಾಧಾನವಾಯಿತು. ಅಷ್ಟರಲ್ಲಿ ನಮ್ಮ ಶಾಲೆಯ ಹೆಸರು ಕೂಗಿದರು. ಲಗೂ ಲಗೂ ಎನ್ನುತ್ತ ದುರಗವ್ವನ ಹಣೆಯ ಮೇಲಿನ ಕೂದಲನ್ನು ಅದೇ ಕೈಯಿಂದ ಹಿಂದಕ್ಕೆ ಸರಿಸಿ ಅವಳನ್ನು ಮೈದಾನಕ್ಕೆ ಕಳಿಸಿದೆ.

ಗೋಪುರ ಏರಿತು. ಹೊಳಿಯವ್ವ ಕೈ ಎತ್ತಿದಳು. ಜನ ಹೋ ಎಂದು ಕೂಗಿದರು. ಪಂಚರು "ಒಂದು" ಎಂದರು.

ಮೂರಕ್ಕೆ ದುರಗವ್ವ ಕಣ್ಣು ಮುಚ್ಚಿದಳು. ನಾಲ್ಕಕ್ಕೆ ಅವಳ ಕೆನ್ನೆಯ ಮೇಲೆ ನೀರು ಇಳಿಯತೊಡಗಿತು. ಆಗ ನನ್ನ ಅಂಗೈ ಉರಿಯುತ್ತಿರುವುದು ನನಗೆ ತಿಳಿಯಿತು. ಅಯ್ಯೋ ಶಿವನೇ, ಹಣೆಯ ಬೆವರಿನ ಜೊತೆ ಖಾರ ಅವಳ ಕಣ್ಣಿಗೆ ಇಳಿದಿತ್ತು! ಒರೆಸಿಕೊಳ್ಳಲು ಅವಳಿಗೆ ಕೈಯಿರಲಿಲ್ಲ, ಎರಡೂ ಕೈ ಪಕ್ಕದವರ ಬೆನ್ನ ಹಿಂದೆ ಬಿಗಿದಿದ್ದವು. ಐದಕ್ಕೆ ಅವಳು ತುಟಿ ಕಚ್ಚಿದಳು. ವಿರೂಪಾಕ್ಷಪ್ಪನವರು ಕೊಡೆ ಕೆಳಗಿಟ್ಟು ಎದ್ದು ನಿಂತರು. ಏಳಕ್ಕೆ ಅವಳ ಮಂಡಿ ನಡುಗಿತು. ಮೇಲೆ ಹೊಳಿಯವ್ವ ಏನೂ ಅರಿಯದೆ ನಗುತ್ತಿದ್ದಳು.

"ಎಂಟು" ಎನ್ನುವುದರೊಳಗೆ ನಾನು ಗೆರೆ ದಾಟಿ ಓಡಿ ದುರಗವ್ವನ ಸೊಂಟ ತಬ್ಬಿ ಹಿಡಿದಿದ್ದೆ.

ಪಂಚರು ಸೀಟಿ ಊದಿದರು. ಹುಡುಗಿಯರು ಕಲಿಸಿದ ಹಾಗೆಯೇ ಒಬ್ಬೊಬ್ಬರಾಗಿ ಇಳಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಪಂಚರು ನಮ್ಮ ಹೆಸರಿನ ಮುಂದೆ ಅಡ್ಡಗೆರೆ ಎಳೆದರು, ಬಹುಮಾನದ ಢಾಲು ಕುಮಾರಪಟ್ಟಣಕ್ಕೆ ಹೋಯಿತು.

"ಯಾರೂ ಬೀಳಲಿಲ್ಲಲ್ಲ, ಅಷ್ಟ ಸಾಕು. ನಡಸ್ರಿ ನಿಮ್ಮ ಆಟ," ಎಂದರು ವಿರೂಪಾಕ್ಷಪ್ಪನವರು.

ತಂಡ ಉಳಿಯಿತೆಂದು ನನಗೆ ಕುಣಿಯುವಷ್ಟು ಖುಷಿ. ನಳದ ಹತ್ತಿರ ದುರಗವ್ವ ಕಣ್ಣು ತೊಳೆಯುತ್ತಿದ್ದಳು.

"ಖಾರ ನನ್ನ ಕೈದವ್ವಾ. ತಪ್ಪು ನಂದು," ಎಂದೆ.

"ಖಾರಕ್ಕ ಅಳಾಕತ್ತಿಲ್ರಿ ನಾ," ಎಂದಳು. "ಎರಡ ಉಳದಿದ್ವು, ಅಕ್ಕೋರ. ಬರೇ ಎರಡು. ನಾಕ ವರ್ಷ ಎಲ್ಲಾರ್ನೂ ಹೊತ್ತೇನಿ. ಒಬ್ಬಾಕಿನ್ನರ ಕೆಡವೇನೇನ್ರಿ?"

"ನಿನ್ನ ಮೊಣಕಾಲು ನಡುಗಾಕತ್ತಿತ್ತಲ್ಲಬೇ..."

"ದಿನಾ ನಡುಗತೈತ್ರಿ. ನೀವು ದಿನಾ ಮ್ಯಾಲಿನಾಕಿನ್ನ ನೋಡತಿದ್ರಿ. ಇವತ್ತ ಕೆಳಗ ನೋಡೀರಿ."

ಊರಿಗೆಲ್ಲ ಎದುರುತ್ತರ ಕೊಡುವ ನಾನು ಆ ಹುಡುಗಿಯ ಮುಂದೆ ನಾಚಿಕೆಯಿಂದ ತಲೆ ತಗ್ಗಿಸಿದೆ.

ಜೂನಿನಲ್ಲಿ ಶಾಲೆ ಸುರುವಾದಾಗ ತಂಡಕ್ಕೆ ನಲವತ್ತೆಂಟು ಹುಡುಗಿಯರು ಹೆಸರು ಕೊಟ್ಟರು. ದುರಗವ್ವ ಕೊಡಲಿಲ್ಲ. ಕರೆಯಲು ನಾನೇ ಎರಡು ಸಲ ಅವಳ ಮನೆಗೆ ಹೋದೆ. ಎರಡು ಸಲವೂ ಮೈಲಪ್ಪ ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟ. ಮಗಳು ಒಳಗಿನಿಂದ ಹೊರಗೆ ಬರಲಿಲ್ಲ.