ಪಟ್ಟಿಗೆ ತಡವಾಗಿ ಸೇರಿದ ಕೈ

ನಾನು ಒಂದು ಕೈ. ಬಲಗೈ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಸುಧೀಂದ್ರ ಎಂಬ ಇಂಜಿನಿಯರು ನನ್ನ ಬೆರಳುಗಳೊಳಗೆ ಪುಟ್ಟ ಮೋಟಾರು ಕೂರಿಸಿದರು. ತುಂಡಾದ ತೋಳಿನ ಸ್ನಾಯು ಮಿಡಿದರೆ ಸಾಕು, ನಾನು ಮುಷ್ಟಿ ಕಟ್ಟುತ್ತೇನೆ, ಬಿಡಿಸುತ್ತೇನೆ. ಆಗ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ರೋಗಿಗಳಿಗೆ ತೋರಿಸಲೆಂದು ನನ್ನನ್ನು ದಾವಣಗೆರೆ ಕಡೆಯ ಒಂದು ಆಸ್ಪತ್ರೆಗೆ ಕೊಟ್ಟರು. ಅಲ್ಲಿಯ ಕಪಾಟಿನಲ್ಲಿ ನನ್ನ ಪಕ್ಕ ಒಂದು ರಬ್ಬರ್ ಕೈ. ಉಗುರು, ಗೆರೆ ಎಲ್ಲ ಇದ್ದು ನೋಡಲು ಥೇಟ್ ಕೈಯೇ, ಆದರೆ ಒಂದು ಲೋಟ ಹಿಡಿಯಲೂ ಬಾರದು! ಸರ್ಕಾರಿ ಆರೋಗ್ಯ ವಿಮೆಯಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು ಅದೇ. ನಾನು ಹೊಸದು, ಕೊಳ್ಳಲು ದುಬಾರಿ, ವಿಮೆಯ ಪಟ್ಟಿಯಲ್ಲಿ ಇನ್ನೂ ಇರಲಿಲ್ಲ.

ಒಂದು ದಿನ ಕೊಟ್ರಮ್ಮ ಬಂದಳು. ಕಬ್ಬಿನ ಹಾಲು ಮಾರುವವಳು. ಕಬ್ಬು ಅರೆಯುವ ಯಂತ್ರವೇ ಅವಳ ಬಲಗೈ ಎಳೆದುಕೊಂಡಿತ್ತು. ಡಾಕ್ಟರ್ ನಳಿನಾಕ್ಷಿ ನನ್ನನ್ನು ಅವಳಿಗೆ ತೊಡಿಸಿ, ಕೆಲವು ದಿನ ಮನೆಯಲ್ಲಿ ಬಳಸಿ ನೋಡು ಎಂದು ಕಳಿಸಿದರು.

ಕೈ ಹೋದಾಗಿನಿಂದ ಅವಳಿಗೆ ಸೀರೆ ಉಡಿಸುತ್ತಿದ್ದದ್ದು ಅತ್ತೆ, ದಿನವೂ ಗೊಣಗುತ್ತಾ. ಆ ಬೆಳಿಗ್ಗೆ ನಾನು ನೆರಿಗೆ ಹಿಡಿದೆ, ಎಡಗೈ ಮಡಚಿತು. ಎರಡು ಸಲ ಜಾರಿತು, ಮೂರನೆಯ ಸಲ ನಿಂತಿತು.

"ಅತ್ತೀ, ಬರ್ರಿ ಇಲ್ಲಿ, ನೋಡ್ರಿ!"

ಅತ್ತೆ ಬಂದು, ಅವಳನ್ನು ಒಂದು ಸುತ್ತು ತಿರುಗಿಸಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಬಾಳಿನಲ್ಲಿ ಅಂಥ ಬೆಳಿಗ್ಗೆ ಮತ್ತೆ ಬರಲಿಲ್ಲ.

ಅವಧಿ ಮುಗಿದು ನನ್ನನ್ನು ತಿರುಗಿ ತಂದಳು. ಡಾಕ್ಟರು ಬೇಸರದಿಂದಲೇ ಹೇಳಿದರು: "ಇದು ಪಟ್ಟಿಗೆ ಯಾವಾಗ ಸೇರುತ್ತೋ ಗೊತ್ತಿಲ್ಲ ಕೊಟ್ರಮ್ಮ. ಸದ್ಯಕ್ಕೆ ರಬ್ಬರಿಂದು ತಗೋ."

"ಖಾಲಿ ತೋಳು ಕಂಡ್ರೆ ನನ್ನ ಮಗಳು ಅಂಜ್ತಾಳ್ರೀ. ಅದ್ನೇ ಕೊಡ್ರಿ. ಇದು ಬಂದ್ಮೇಲೆ ಬದಲಿಸ್ಕಂತೀನಿ."

ಬೇಡ ಎಂದು ಅವಳ ಸೆರಗು ಹಿಡಿಯಬೇಕಿತ್ತು ನಾನು. ಆದರೆ ತೋಳಿನಿಂದ ಬಿಚ್ಚಿಟ್ಟ ಮೇಲೆ ನಾನೂ ಆ ರಬ್ಬರಿನ ಹಾಗೆಯೇ.

ವರ್ಷಗಳು ಕಳೆದು ಕೊನೆಗೂ ನನ್ನ ಜಾತಿಯ ಕೈ ಪಟ್ಟಿಗೆ ಸೇರಿತು. ಸುಧೀಂದ್ರ ಆಸ್ಪತ್ರೆಗೆಲ್ಲ ಪೇಡೆ ಹಂಚಿದರು. ಸುದ್ದಿ ಕೇಳಿ ಕೊಟ್ರಮ್ಮ ಓಡೋಡಿ ಬಂದಳು. ವಿಮೆಯ ನಿಯಮ ಬೇರೆಯೇ ಇತ್ತು: ಕೃತಕ ಕೈ ಒಬ್ಬರಿಗೆ ಒಂದೇ ಸಲ. ಅವಳದು ಆಗಿಹೋಗಿತ್ತು.

ಅವಳು ರಬ್ಬರ್ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. "ಇದ್ನ ವಾಪಸ್ ತಗಳ್ರಿ. ಹೊಸದಿದ್ದಂಗೇ ಐತಿ. ಒಂದು ಕೆಲ್ಸಾನೂ ಮಾಡಿಲ್ರೀ ಇದು!"

ಡಾಕ್ಟರು ಮೇಲಿನವರಿಗೆ ಬರೆದರು, ಹೋಗಿ ಕೇಳಿದರು. ನಿಯಮ ಕದಲಲಿಲ್ಲ. ರಬ್ಬರಿನದು ತಗೋ ಎಂದವಳು ತಾನೇ ಎಂದು ಡಾಕ್ಟರು ಇವತ್ತಿಗೂ ಹಲುಬುತ್ತಾರೆ.

ಈಗ ನನಗೆ ವಯಸ್ಸಾಗಿದೆ, ಹೆಬ್ಬೆರಳು ಕಿರುಗುಡುತ್ತದೆ. ಹೊಸ ಕೈ ಪಡೆಯುವವರಿಗೆ ಕಲಿಸಲು ಡಾಕ್ಟರು ಕೊಟ್ರಮ್ಮನನ್ನೇ ಕರೆಸುತ್ತಾರೆ. ಅವಳಷ್ಟು ಚೆನ್ನಾಗಿ ನನ್ನನ್ನು ಆಡಿಸುವವರು ಬೇರೆ ಯಾರಿದ್ದಾರೆ! ಮೊನ್ನೆ ಒಬ್ಬ ಹುಡುಗಿ ಕಲಿತ ಖುಷಿಯಲ್ಲಿ ಕೇಳಿದಳು:

"ಅಕ್ಕಾ, ನಿಮ್ದೂ ವಿಮೆಯಾಗೇ ಸಿಕ್ತಾ?"

ಕೊಟ್ರಮ್ಮ ನನ್ನನ್ನು ತೋಳಿಗೆ ಬಿಗಿದಿದ್ದ ಪಟ್ಟಿ ಸಡಿಲಿಸುತ್ತಾ ನಕ್ಕಳು. "ನಂದು ಇಲ್ಲೇ ಇರ್ತೈತಿ, ತಂಗಿ."

ನನ್ನನ್ನು ತನ್ನದು ಎಂದಳು. ಕಪಾಟಿನೊಳಗಿಟ್ಟು ಬಾಗಿಲು ಹಾಕಿದವಳೂ ಅವಳೇ.